ಮುಳ್ಳುಬೇಲಿಯ ಸ್ಲೋ ಹಣ್ಣು, ಮನೆಯಲ್ಲೇ ಸ್ಲೋ ಜಿನ್

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಹೊಲದ ಅಂಚಿನ ಕಾಲುದಾರಿ ಹಿಡಿದು ಹೋದರೆ, ಬೇಲಿಯ ಮುಳ್ಳಿನ ನಡುವೆ ನೀಲಿಗಪ್ಪು ಬಣ್ಣದ ಪುಟ್ಟ ಹಣ್ಣುಗಳು ಕಣ್ಣಿಗೆ ಬೀಳುತ್ತವೆ. ಮೇಲೆ ತೆಳ್ಳಗೆ ಬೂದಿ ಬಳಿದ ಹಾಗೆ ಮೇಣದ ಪದರ. ಬೆರಳಿನಿಂದ ಒರೆಸಿದರೆ ಒಳಗಿನ ಮಿರುಗುವ ಕಪ್ಪು ಹೊರಬರುತ್ತದೆ. ನೋಡಿದವರಿಗೆ ಬಾಯಲ್ಲಿ ನೀರೂರಬೇಕು, ಅಂಥ ಚೆಲುವು. ಆದರೆ ಕಚ್ಚಿದರೋ, ಗೇರುಹಣ್ಣು ತಿಂದಾಗ ಆಗುವಂತೆ ಗಂಟಲು ಹಿಡಿಯುತ್ತದೆ, ನಾಲಿಗೆ ಒಣಗಿ ದೊರಗಾಗುತ್ತದೆ. ಇದೇ ಸ್ಲೋ. ಹಾಗೇ ತಿನ್ನಲಾಗದ ಈ ಹಣ್ಣನ್ನು ಜಿನ್‌ನಲ್ಲಿ ಎರಡು ಮೂರು ತಿಂಗಳು ನೆನೆಹಾಕಿ, ಹದವಾಗಿ ಸಕ್ಕರೆ ಬೆರೆಸಿದರೆ ಕಡುಗೆಂಪಿನ ಸ್ಲೋ ಜಿನ್ ಆಗುತ್ತದೆ. ಚಳಿಗಾಲದಲ್ಲಿ ಇಂಗ್ಲಿಷರ ಎಷ್ಟೋ ಮನೆಗಳಲ್ಲಿ ಊಟ ಮುಗಿದ ಮೇಲೆ ಪುಟ್ಟ ಗ್ಲಾಸಿನಲ್ಲಿ ಬರುವ ಪಾನೀಯ ಇದು.

ಮಾಡುವುದು ಕಷ್ಟವಲ್ಲ. ಒಲೆ ಬೇಡ, ಯಂತ್ರ ಬೇಡ. ಹಣ್ಣು, ಸಕ್ಕರೆ, ಜಿನ್, ಒಂದು ಗಾಜಿನ ಭರಣಿ ಇದ್ದರೆ ಸಾಕು. ಆದರೂ ಮನೆಯಲ್ಲಿ ಮಾಡಿದ ಸ್ಲೋ ಜಿನ್ ಬಹಳಷ್ಟು ಸಲ ಕೆಮ್ಮಿನ ಸಿರಪ್ಪಿನ ರುಚಿಗೆ ಇಳಿಯುತ್ತದೆ. ಕಾರಣ ಒಂದೇ: ಒಗರಿಗೆ ಹೆದರಿ ಮೊದಲ ದಿನವೇ ಸಕ್ಕರೆ ಸುರಿಯುವುದು. ಸ್ಲೋ ಜಿನ್‌ನ ಪ್ರಾಣವೇ ಅದರ ಒಗರು ಮತ್ತು ಹುಳಿ. ಅವನ್ನು ಪಳಗಿಸಬೇಕು, ಮುಳುಗಿಸಬಾರದು. ಸಕ್ಕರೆಯ ಬಹುಪಾಲನ್ನು ಕೊನೆಗೆ, ರುಚಿ ನೋಡುತ್ತಾ ಹಾಕಿ ಎನ್ನುವುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಗಿಡವನ್ನು ಗುರುತಿಸುವುದು

ಸ್ಲೋ ಬಿಡುವ ಗಿಡದ ಹೆಸರು ಬ್ಲ್ಯಾಕ್‌ಥಾರ್ನ್. ಸಸ್ಯಶಾಸ್ತ್ರದಲ್ಲಿ ಪ್ರೂನಸ್ ಸ್ಪೈನೋಸಾ. ಪ್ಲಮ್, ಚೆರ್ರಿ, ಏಪ್ರಿಕಾಟ್, ಬಾದಾಮಿ ಎಲ್ಲವೂ ಇದೇ ಪ್ರೂನಸ್ ಕುಲಕ್ಕೆ ಸೇರಿದವು. ಇದು ಒತ್ತಾಗಿ ಹೆಣೆದುಕೊಂಡು ಬೆಳೆಯುವ ಪೊದೆ. ಬೇರಿನಿಂದ ಮರಿಗಿಡಗಳು ಎದ್ದು ಎದ್ದು ಬೇಲಿ ತಾನಾಗಿಯೇ ದಟ್ಟವಾಗುತ್ತದೆ. ದನ, ಕುರಿ ನುಗ್ಗಲಾರವು. ಹಾಗಾಗಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಊರೊಟ್ಟಿನ ಭೂಮಿಗಳನ್ನು ತುಂಡು ಮಾಡಿ ಖಾಸಗಿ ಹೊಲಗಳಾಗಿಸಿ ಬೇಲಿ ಹಾಕಿದಾಗ, ಹಾಥಾರ್ನ್ ಗಿಡದ ಜೊತೆಗೆ ಬ್ಲ್ಯಾಕ್‌ಥಾರ್ನ್ ಕೂಡ ಮೈಲುಗಟ್ಟಲೆ ನೆಡಲಾಯಿತು. ಬಡವರ ಹುಲ್ಲುಗಾವಲನ್ನು ಕಿತ್ತುಕೊಂಡ ಬೇಲಿಗಳಲ್ಲೇ ಇವತ್ತು ದಾರಿಹೋಕರು ಪುಕ್ಕಟೆ ಹಣ್ಣು ಕೀಳುತ್ತಾರೆ. ಮನುಷ್ಯರಿಗೂ ಈ ಹಣ್ಣಿಗೂ ಇರುವ ನಂಟು ಬೇಲಿಗಳಿಗಿಂತ ಬಹಳ ಹಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷಗಳ ಹಿಂದಿನ 'ಓಟ್ಸಿ' ಎಂಬ ಮನುಷ್ಯನ ದೇಹದ ಬಳಿಯೂ ಸ್ಲೋ ಹಣ್ಣು ಸಿಕ್ಕಿತ್ತು.

ಹಣ್ಣಿನ ಕಾಲದಲ್ಲಿ ಗಿಡ ಹುಡುಕುವುದಕ್ಕಿಂತ ಹೂವಿನ ಕಾಲದಲ್ಲಿ ಗುರುತು ಹಾಕಿಕೊಳ್ಳುವುದು ಸುಲಭ. ಮಾರ್ಚ್, ಏಪ್ರಿಲ್‌ನಲ್ಲಿ, ಎಲೆ ಚಿಗುರುವ ಮೊದಲೇ, ಕರಿಬಣ್ಣದ ಬೋಳು ಕೊಂಬೆಗಳ ಮೇಲೆ ಬಿಳಿಯ ಐದೆಸಳಿನ ಹೂ ಮುತ್ತುತ್ತದೆ. ಎಲೆ ಬಂದ ಮೇಲೆ, ಮೇ ತಿಂಗಳ ಹೊತ್ತಿಗೆ ಬಿಳಿ ಹೂ ಬಿಟ್ಟಿದ್ದರೆ ಅದು ಹಾಥಾರ್ನ್. ಬ್ಲ್ಯಾಕ್‌ಥಾರ್ನ್ ಹೂ ಬಿಟ್ಟ ದಿನಗಳಲ್ಲೇ ಚಳಿ ಮರಳಿ ಬರುವುದುಂಟು. ಅದಕ್ಕೆ ಅಲ್ಲಿನ ಹಳ್ಳಿಯವರು 'ಬ್ಲ್ಯಾಕ್‌ಥಾರ್ನ್ ಚಳಿಗಾಲ' ಎನ್ನುತ್ತಾರೆ. ಆಗ ಹಿಮ ಬಿದ್ದು ಹೂ ಸುಟ್ಟರೆ ಆ ವರ್ಷ ಹಣ್ಣು ಕಡಿಮೆ. ಒಂದು ವರ್ಷ ಬುಟ್ಟಿಗಟ್ಟಲೆ ಸಿಕ್ಕ ಜಾಗದಲ್ಲಿ ಮರುವರ್ಷ ಹಿಡಿಯಷ್ಟೂ ಸಿಗದಿದ್ದರೆ ಅಚ್ಚರಿಪಡಬೇಕಿಲ್ಲ.

ತಪ್ಪು ಹಣ್ಣು ಕೀಳದಂತೆ ಎಚ್ಚರ ಬೇಕೇ ಬೇಕು. ಕಾಡಿನ ಕಪ್ಪು ಹಣ್ಣುಗಳಲ್ಲಿ ವಿಷದವೂ ಇವೆ. ಡೆಡ್ಲಿ ನೈಟ್‌ಶೇಡ್ ಮುಳ್ಳಿಲ್ಲದ, ಮೆತ್ತನೆಯ ಕಾಂಡದ ಗಿಡ. ಅದರ ಹಣ್ಣು ಮಿರಮಿರನೆ ಹೊಳೆಯುತ್ತದೆ, ಬುಡದಲ್ಲಿ ಐದು ಹಸಿರು ಪುಷ್ಪಪತ್ರಗಳು ನಕ್ಷತ್ರದ ಆಕಾರದಲ್ಲಿ ಅಗಲಿಸಿರುತ್ತವೆ, ಒಳಗೆ ಸಣ್ಣ ಬೀಜಗಳು ರಾಶಿ. ಬಕ್‌ಥಾರ್ನ್ ಮತ್ತು ಪ್ರಿವೆಟ್ ಹಣ್ಣುಗಳು ಗೊಂಚಲಾಗಿ ಬಿಡುತ್ತವೆ, ಹೊಳಪಿನವು. ತಿಂದರೆ ಹೊಟ್ಟೆ ಕೆಡುವುದು ಖಂಡಿತ. ಸ್ಲೋ ಒಂದೊಂದಾಗಿ ಅಥವಾ ಎರಡೆರಡಾಗಿ ಗಿಡ್ಡ ತೊಟ್ಟಿನಲ್ಲಿ ಕೊಂಬೆಗೆ ಅಂಟಿಕೊಂಡಂತೆ ಇರುತ್ತದೆ. ಅಡ್ಡಳತೆ ಹತ್ತರಿಂದ ಹದಿನೈದು ಮಿಲಿಮೀಟರ್. ಬೆರಳಲ್ಲಿ ಸೀಳಿ ನೋಡಿ: ಹಸಿರು ತಿರುಳು, ನಡುವೆ ಒಂದೇ ಒಂದು ಗಟ್ಟಿ ಗೊರಟು. ಮುಳ್ಳು, ಮೇಣದ ಬೂದಿ, ಹಸಿರು ತಿರುಳು, ಒಂದೇ ಗೊರಟು ಇಷ್ಟೂ ಕೂಡಿ ಬಂದರೆ ಮಾತ್ರ ಬುಟ್ಟಿಗೆ ಹಾಕಿ. ಇದಕ್ಕಿಂತ ದೊಡ್ಡದಾಗಿ, ಸ್ವಲ್ಪ ಸಿಹಿಯಾಗಿ, ಮುಳ್ಳು ಕಡಿಮೆಯಿರುವ ಗಿಡದಲ್ಲಿ ಸಿಕ್ಕರೆ ಅದು ಬುಲ್ಲಸ್ ಅಥವಾ ಡ್ಯಾಮ್ಸನ್ ಇರಬಹುದು. ಅವೂ ಸ್ಲೋ ಬಳಗದವೇ, ಜಿನ್‌ಗೂ ಚೆನ್ನಾಗಿರುತ್ತವೆ. ಸಣ್ಣ ಸಂಶಯ ಉಳಿದರೂ ಕೀಳಬೇಡಿ.

ಕೀಳುವ ಕಾಲ, ಕೀಳುವ ರೀತಿ

ಮೊದಲ ಹಿಮ ಬಿದ್ದ ಮೇಲೆಯೇ ಸ್ಲೋ ಕೀಳಬೇಕು ಎಂಬುದು ಹಳೆಯ ರೂಢಿ. ಅದಕ್ಕೆ ಕಾರಣವಿತ್ತು. ಹೆಪ್ಪುಗಟ್ಟಿದಾಗ ಹಣ್ಣಿನೊಳಗಿನ ನೀರು ಹಿಗ್ಗಿ ಜೀವಕೋಶಗಳನ್ನು ಒಡೆಯುತ್ತದೆ, ಸಿಪ್ಪೆ ಬಿರಿಯುತ್ತದೆ, ರಸ ಸಲೀಸಾಗಿ ಹೊರಬರುತ್ತದೆ. ಆದರೆ ಈಗ ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲ ಗಟ್ಟಿ ಹಿಮಕ್ಕೆ ಎಷ್ಟೋ ಸಲ ನವೆಂಬರ್‌ವರೆಗೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಹಣ್ಣು ಸುಕ್ಕುಗಟ್ಟಿರುತ್ತದೆ, ಇಲ್ಲವೇ ಬ್ಲ್ಯಾಕ್‌ಬರ್ಡ್, ಥ್ರಶ್ ಹಕ್ಕಿಗಳ ಪಾಲಾಗಿರುತ್ತದೆ. ಹಿಮದ ಕೆಲಸವನ್ನು ಮನೆಯ ಫ್ರೀಜರ್ ಮಾಡಿಕೊಡುವಾಗ ಕ್ಯಾಲೆಂಡರ್ ನೋಡುತ್ತಾ ಕೂರಬೇಕಿಲ್ಲ.

ಹಿಮಕ್ಕಿಂತ ಮುಖ್ಯವಾದದ್ದು ಹಣ್ಣಿನ ಹದ. ಬಣ್ಣ ನೋಡಿ ಮೋಸಹೋಗಬೇಡಿ, ಆಗಸ್ಟ್‌ನಲ್ಲೇ ಸ್ಲೋ ನೀಲಿಯಾಗಿ ಕಾಣುತ್ತದೆ, ಒಳಗೆ ಮಾತ್ರ ಕಲ್ಲಿನಂತೆ ಗಟ್ಟಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಸ್ವಲ್ಪ ಬಗ್ಗಿ, ಇನ್ನಷ್ಟು ಒತ್ತಿದಾಗ ಬಿರಿದು, ಬೆರಳಿಗೆ ನೇರಳೆಗೆಂಪು ರಸ ಅಂಟಿದರೆ ಹದ ಬಂದಿದೆ. ಒಂದೇ ಬೇಲಿಯಲ್ಲೂ ಬಿಸಿಲು ಬೀಳುವ ದಕ್ಷಿಣದ ಮಗ್ಗುಲು ಮೊದಲು ಹಣ್ಣಾಗುತ್ತದೆ. ನೆರಳಿನ ಮಗ್ಗುಲಿಗೆ ಒಂದೆರಡು ವಾರ ಬಿಟ್ಟು ಹೋದರೂ ನಡೆಯುತ್ತದೆ. ಕಾಯಿ ಕಿತ್ತರೆ ಎಷ್ಟು ತಿಂಗಳು ನೆನೆಹಾಕಿದರೂ ಒಗರು ಬಿಟ್ಟು ಬೇರೆ ರುಚಿ ಬರುವುದಿಲ್ಲ, ಆಗ ಜನ ಮತ್ತೆ ಸಕ್ಕರೆಯ ಡಬ್ಬಕ್ಕೇ ಕೈಹಾಕುತ್ತಾರೆ.

ಬ್ಲ್ಯಾಕ್‌ಥಾರ್ನ್ ಮುಳ್ಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉದ್ದ, ಸಪೂರ, ಸೂಜಿಯಂಥ ಮೊನೆ. ಚುಚ್ಚಿದರೆ ತುದಿ ಮುರಿದು ಒಳಗೇ ಉಳಿದು ಬಾವು ಬರುತ್ತದೆ. ಬೆರಳ ಗೆಣ್ಣಿಗೆ ಹೊಕ್ಕರೆ ಕೀಲು ಊದಿಕೊಂಡು ವಾರಗಟ್ಟಲೆ ಕಾಡಬಹುದು, ಆಪರೇಷನ್ ಮಾಡಿ ತೆಗೆಯಬೇಕಾಗಿ ಬರುವುದೂ ಉಂಟು. ಚುಚ್ಚಿದ ಜಾಗ ಕೆಂಪಾಗಿ ಊದಿ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಉದ್ದ ತೋಳಿನ ದಪ್ಪ ಅಂಗಿ, ಎಡಗೈಗೆ ಚರ್ಮದ ಗ್ಲೌಸು ಹಾಕಿಕೊಂಡು, ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈಯಲ್ಲಿ ಹಣ್ಣು ಬಿಡಿಸುವುದು ಒಳ್ಳೆಯದು. ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡರೆ ಎರಡೂ ಕೈ ಖಾಲಿ.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆ ಹೊಸದಾಗಿ ಹೋದವರಿಗೆ ಬಂದೇ ಬರುತ್ತದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬೇರೆಯವರ ಹೊಲದ ಬೇಲಿಗೆ ಕೈಹಾಕಲು ಹಿಂಜರಿಯುವುದನ್ನು ನಾನು ನೋಡಿದ್ದೇನೆ; ಆ ಸಂಕೋಚ ಸಹಜ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಳ್ಳತನ ಕಾಯಿದೆಯ ಪ್ರಕಾರ, ತಾನಾಗಿ ಬೆಳೆದ ಗಿಡದ ಹಣ್ಣು, ಹೂ, ಎಲೆಗಳನ್ನು ಮನೆಬಳಕೆಗೆ ಕಿತ್ತುಕೊಂಡರೆ ಅದು ಕಳ್ಳತನವಲ್ಲ. ಮಾರಲು ಕಿತ್ತರೆ ಮಾತ್ರ ತಪ್ಪಾಗುತ್ತದೆ. ಆದರೆ ಈ ರಿಯಾಯಿತಿ ಹಣ್ಣಿಗೆ ಇದೆಯೇ ಹೊರತು ಇನ್ನೊಬ್ಬರ ಜಮೀನಿನೊಳಗೆ ನುಗ್ಗುವುದಕ್ಕಲ್ಲ. ಸಾರ್ವಜನಿಕ ಕಾಲುದಾರಿಯ ಮಗ್ಗುಲಲ್ಲೇ ಬೇಕಾದಷ್ಟು ಸಿಗುತ್ತದೆ. ಗಿಡ ಬುಡಸಮೇತ ಕೀಳುವುದು 1981ರ ವನ್ಯಜೀವಿ ಕಾಯಿದೆಯಡಿ, ಜಮೀನಿನವರ ಒಪ್ಪಿಗೆ ಇಲ್ಲದಿದ್ದರೆ, ಅಪರಾಧ. ಸಂರಕ್ಷಿತ ತಾಣಗಳಲ್ಲಿ, ಕೆಲವು ಪಾರ್ಕುಗಳಲ್ಲಿ ಬೇರೆ ನಿಯಮಗಳಿರುತ್ತವೆ, ಅಲ್ಲಿನ ಫಲಕ ಓದಿಕೊಳ್ಳಿ.

ಹಣ್ಣು ಕೀಳುವಾಗ ಕೊಂಬೆ ಮುರಿಯಬೇಡಿ ಎಂದು ಕೇಳಿಕೊಳ್ಳಲು ಒಂದು ಕಾರಣವಿದೆ. ಬ್ರೌನ್ ಹೇರ್‌ಸ್ಟ್ರೀಕ್ ಎಂಬ ಅಪರೂಪದ ಚಿಟ್ಟೆ ಬೇಸಿಗೆಯ ಕೊನೆಯಲ್ಲಿ ಬ್ಲ್ಯಾಕ್‌ಥಾರ್ನ್‌ನ ಎಳೆಯ ಕೊಂಬೆಗಳ ಮೇಲೆ ಮೊಟ್ಟೆ ಇಡುತ್ತದೆ. ಗುಂಡುಸೂಜಿಯ ತಲೆಗಿಂತಲೂ ಚಿಕ್ಕದಾದ ಆ ಬಿಳಿ ಮೊಟ್ಟೆಗಳು ಇಡೀ ಚಳಿಗಾಲ ಅಲ್ಲೇ ಇದ್ದು ವಸಂತದಲ್ಲಿ ಒಡೆಯುತ್ತವೆ. ನಾವು ಹಣ್ಣು ಕೀಳುವ ಹೊತ್ತಿಗೆ ಅವು ಅಲ್ಲಿರುತ್ತವೆ. ಹಕ್ಕಿಗಳಿಗೂ ಚಳಿಗಾಲದ ಊಟ ಬೇಕು; ಕೈಗೆಟುಕುವ ಹಣ್ಣಲ್ಲೂ ಅರ್ಧಕ್ಕಿಂತ ಹೆಚ್ಚು ಬಿಟ್ಟು ಬನ್ನಿ. ಒಂದು ಬಾಟಲಿ ಜಿನ್‌ಗೆ ಬೇಕಾಗುವುದು ಅರ್ಧ ಕಿಲೋಗೂ ಕಡಿಮೆ.

ಭರಣಿಗೆ ಹಾಕುವುದು

ಅಳತೆ ಹೀಗೆ: ಸ್ಲೋ 450 ಗ್ರಾಂ, ಜಿನ್ 700 ಮಿಲಿಲೀಟರ್, ಅಂದರೆ ಬ್ರಿಟನ್ನಿನ ಒಂದು ಮಾಮೂಲಿ ಬಾಟಲಿ, ಸಕ್ಕರೆ ಸದ್ಯಕ್ಕೆ 100 ಗ್ರಾಂ. ಹಳೆಯ ಪಾಕವಿಧಾನಗಳಲ್ಲಿ 225ರಿಂದ 250 ಗ್ರಾಂವರೆಗೆ ಸಕ್ಕರೆಯನ್ನು ಮೊದಲೇ ಹಾಕಿಸುತ್ತಾರೆ. ಬೇಡ. ನೂರು ಗ್ರಾಂ ಸಕ್ಕರೆ ಹಣ್ಣಿನ ರಸವನ್ನು ಎಳೆದುಕೊಳ್ಳಲು ಸಾಕು. ಹಾಕಿದ್ದನ್ನು ತೆಗೆಯಲು ಬರುವುದಿಲ್ಲ, ಸಾಲದ್ದನ್ನು ಯಾವಾಗ ಬೇಕಾದರೂ ಸೇರಿಸಬಹುದು.

ಜಿನ್ ಯಾವುದು? ದುಬಾರಿಯ, ಹತ್ತಾರು ಹೂ ಮಸಾಲೆಗಳ ಘಮದ ಜಿನ್ ಇದಕ್ಕೆ ದಂಡ. ಸ್ಲೋ ಅದನ್ನೆಲ್ಲ ಮುಚ್ಚಿಹಾಕುತ್ತದೆ. ತೀರಾ ಅಗ್ಗದ್ದೂ ಬೇಡ, ಅದರ ಉರಿ ಕೊನೆಗೂ ಉಳಿಯುತ್ತದೆ. ಸೂಪರ್‌ಮಾರ್ಕೆಟ್ಟಿನ ನೇರ ರುಚಿಯ ಲಂಡನ್ ಡ್ರೈ ಜಿನ್ ಸರಿಯಾದ ಆಯ್ಕೆ. ಮದ್ಯಾಂಶವನ್ನು ಮಾತ್ರ ನೋಡಿ ಕೊಳ್ಳಿ. ಜಿನ್ ಎನ್ನಿಸಿಕೊಳ್ಳಲು ಕಾನೂನಿನ ಪ್ರಕಾರ ಕನಿಷ್ಠ ಶೇ. 37.5 ಇರಬೇಕು, ಶೇ. 40 ಅಥವಾ ಅದಕ್ಕೂ ಮೇಲಿದ್ದರೆ ಲೇಸು. ಏಕೆಂದರೆ ಹಣ್ಣಿನ ನೀರು, ಸಕ್ಕರೆ ಸೇರಿದಂತೆ ಅದು ತೆಳುವಾಗುತ್ತಾ ಹೋಗಿ ಕೊನೆಗೆ ಶೇ. 25ರ ಆಸುಪಾಸಿಗೆ ನಿಲ್ಲುತ್ತದೆ. ಅಂಗಡಿಯಲ್ಲಿ ಸ್ಲೋ ಜಿನ್ ಎಂದು ಮಾರಲು ಬ್ರಿಟನ್ ಮತ್ತು ಯುರೋಪ್ ಒಕ್ಕೂಟದಲ್ಲಿ ಇರಬೇಕಾದ ಕನಿಷ್ಠ ಮಟ್ಟವೂ ಅದೇ.

ಹಣ್ಣನ್ನು ತೊಳೆದು, ಎಲೆ ತೊಟ್ಟು ತೆಗೆದು, ಕೊಳೆತದ್ದನ್ನು ಆರಿಸಿ, ಬಟ್ಟೆಯ ಮೇಲೆ ಹರಡಿ ಆರಲು ಬಿಡಿ. ಆಮೇಲೆ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಹಿಂದೆ ಒಂದೊಂದೇ ಹಣ್ಣನ್ನು ಸೂಜಿಯಿಂದಲೋ ಅದೇ ಗಿಡದ ಮುಳ್ಳಿನಿಂದಲೋ ಚುಚ್ಚುತ್ತಿದ್ದರು; ಸಂಜೆಯ ಹೊತ್ತು ಮನೆಮಂದಿಯೆಲ್ಲ ಕೂತು ಮಾಡುವ ಕೆಲಸ ಅದು. ಫ್ರೀಜರ್‌ನಿಂದ ತೆಗೆದ ಹಣ್ಣಿಗೆ ಚುಚ್ಚುವ ಅಗತ್ಯವಿಲ್ಲ, ಕರಗುತ್ತಾ ತಾನೇ ಬಿರಿಯುತ್ತದೆ. ಆದರೆ ಜಜ್ಜಬೇಡಿ, ಮಿಕ್ಸಿಗಂತೂ ಹಾಕಲೇಬೇಡಿ. ಪ್ಲಮ್ ಜಾತಿಯ ಎಲ್ಲ ಗೊರಟುಗಳಂತೆ ಸ್ಲೋ ಗೊರಟಿನ ಒಳಬೀಜದಲ್ಲೂ ಅಮಿಗ್ಡಲಿನ್ ಇರುತ್ತದೆ. ಬೀಜ ಒಡೆದರೆ ಅದರಿಂದ ಸಯನೈಡ್ ಹುಟ್ಟುತ್ತದೆ. ಗೊರಟು ಇಡಿಯಾಗಿದ್ದರೆ ಕೊಡುವುದು ಬಾದಾಮಿಯ ತೆಳು ಪರಿಮಳವನ್ನು ಮಾತ್ರ, ಅದು ಈ ಪಾನೀಯದ ಸೊಗಸುಗಳಲ್ಲಿ ಒಂದು.

ಎರಡು ಲೀಟರ್ ಹಿಡಿಯುವ, ಬಿಗಿ ಮುಚ್ಚಳದ ಗಾಜಿನ ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಣ್ಣು, ಸಕ್ಕರೆ, ಜಿನ್ ಹಾಕಿ ಮುಚ್ಚಿ, ಕತ್ತಲೆಯ ಕಪಾಟಿನಲ್ಲಿಡಿ. ಮೊದಲ ವಾರ ದಿನಕ್ಕೊಮ್ಮೆ ಭರಣಿಯನ್ನು ಬೋರಲು ಮಾಡಿ ಆಡಿಸಿ, ಸಕ್ಕರೆ ಕರಗುತ್ತದೆ. ಅಷ್ಟರಲ್ಲೇ ಬಣ್ಣ ಏರಲು ಶುರುವಾಗಿರುತ್ತದೆ: ಮೊದಲು ಹಣ್ಣಿನ ಸುತ್ತ ತಿಳಿಗುಲಾಬಿಯ ಎಳೆಗಳು ಇಳಿಬೀಳುತ್ತವೆ, ಮೂರು ನಾಲ್ಕು ದಿನಕ್ಕೆ ಇಡೀ ಭರಣಿ ಗುಲಾಬಿ, ಒಂದು ತಿಂಗಳು ತುಂಬುವ ಹೊತ್ತಿಗೆ ದಟ್ಟ ಕೆಂಪು. ಸಿಪ್ಪೆಯ ಬಣ್ಣವನ್ನು ಮದ್ಯ ಕರಗಿಸಿಕೊಳ್ಳುವ ಪರಿ ಇದು. ಆಮೇಲೆ ವಾರಕ್ಕೊಮ್ಮೆ ಆಡಿಸಿದರೆ ಸಾಕು.

ಎರಡರಿಂದ ಮೂರು ತಿಂಗಳಿಗೆ ಸೋಸಿ. ಅಕ್ಟೋಬರ್ ಮೊದಲ ವಾರದಲ್ಲಿ ಹಾಕಿದ್ದು ಕ್ರಿಸ್ಮಸ್ ಹೊತ್ತಿಗೆ ಸೋಸಲು ಬರುತ್ತದೆ. ವರ್ಷಗಟ್ಟಲೆ ಹಣ್ಣಿನ ಜೊತೆಗೇ ಬಿಡುವವರೂ ಇದ್ದಾರೆ. ಆಗ ಗೊರಟಿನ ವಾಸನೆ ಹಣ್ಣಿನ ರುಚಿಯನ್ನು ನುಂಗುತ್ತದೆ, ನನಗದು ಹಿಡಿಸುವುದಿಲ್ಲ. ಜರಡಿಗೆ ತೆಳ್ಳನೆಯ ಮಲ್ಲು ಬಟ್ಟೆ ಹಾಸಿ, ತಾನಾಗಿ ಇಳಿಯಲು ಬಿಡಿ. ಬಟ್ಟೆಯನ್ನು ಹಿಂಡಿದರೆ ಗಸಿ ಇಳಿದು ಕದಡುತ್ತದೆ. ಇನ್ನೂ ತಿಳಿಯಾಗಬೇಕೆಂದರೆ ಕಾಫಿ ಫಿಲ್ಟರ್ ಕಾಗದದಲ್ಲಿ ಮತ್ತೊಮ್ಮೆ ಸೋಸಿ. ನಿಧಾನದ ಕೆಲಸ, ಆದರೆ ಗ್ಲಾಸನ್ನು ಬೆಳಕಿಗೆ ಹಿಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಸಕ್ಕರೆಯ ಸರದಿ. ನೂರು ಮಿಲಿಲೀಟರ್ ನೀರಿಗೆ ಇನ್ನೂರು ಗ್ರಾಂ ಸಕ್ಕರೆ ಹಾಕಿ ಕಾಯಿಸಿ, ಕರಗಿದ ಮೇಲೆ ಪೂರ್ತಿ ಆರಿಸಿ. ಸೋಸಿದ ಜಿನ್‌ನ ಒಂದು ಚಮಚ ಬಾಯಿಗೆ ಹಾಕಿಕೊಳ್ಳಿ. ಹುಳಿ ಮೊದಲು ಬರಬೇಕು, ಸಿಹಿ ಅದರ ಹಿಂದೆ, ಕೊನೆಗೆ ನಾಲಿಗೆಯ ಅಂಚುಗಳನ್ನು ಒಗರು ತುಸು ಹಿಡಿಯಬೇಕು. ಬರಿಯ ಒಗರೇ ಇದ್ದರೆ ಇಪ್ಪತ್ತೈದು ಮಿಲಿಲೀಟರ್ ಪಾಕ ಬೆರೆಸಿ, ಕಲಕಿ, ಮತ್ತೆ ರುಚಿ ನೋಡಿ. ಹೀಗೆ ಸ್ವಲ್ಪ ಸ್ವಲ್ಪವಾಗಿ ಹೋಗಿ, 'ಇನ್ನೊಂಚೂರು ಬೇಕೇನೋ' ಅನ್ನಿಸುವಲ್ಲಿ ನಿಲ್ಲಿಸಿಬಿಡಿ. ಇಡುತ್ತಾ ಇಡುತ್ತಾ ಒಗರು ತಾನಾಗಿ ಮೆತ್ತಗಾಗುತ್ತದೆ, ಇವತ್ತು ಸರಿಯೆನಿಸಿದ ಸಿಹಿ ಆರು ತಿಂಗಳಿಗೆ ಹೆಚ್ಚಾಗಿರುತ್ತದೆ. ಬಾಟಲಿಗೆ ತುಂಬಿ ವರ್ಷ, ಹಣ್ಣು ಕಿತ್ತ ಜಾಗ ಬರೆದ ಚೀಟಿ ಅಂಟಿಸಿ. ಆ ಚಳಿಗಾಲಕ್ಕೇ ಕುಡಿಯಬಹುದು. ಒಂದು ವರ್ಷ ತಡೆದರೆ ಮದ್ಯದ ಉರಿ ಅಡಗಿ ಹಣ್ಣು ಮುಂದೆ ಬರುತ್ತದೆ. ಎರಡು ಬಾಟಲಿ ಮಾಡಿ ಒಂದನ್ನು ಮುಂದಿನ ವರ್ಷಕ್ಕೆ ಎತ್ತಿಡುವುದು ಜಾಣತನ.

ಹೀಗೆ ತೆರಿಗೆ ಕಟ್ಟಿದ ಜಿನ್‌ನಲ್ಲಿ ಹಣ್ಣು ನೆನೆಹಾಕಿ ಮನೆಮಟ್ಟಿಗೆ ಬಳಸಲು ಬ್ರಿಟನ್ನಿನಲ್ಲಿ ಅಡ್ಡಿಯಿಲ್ಲ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು, ಮಾಡಿದ್ದನ್ನು ಮಾರುವುದು ಅಪರಾಧ.

ಕುಡಿಯುವ ಬಗೆ

ಊಟದ ನಂತರ ಇಪ್ಪತ್ತೈದು ಮಿಲಿಲೀಟರ್, ಪುಟ್ಟ ಗ್ಲಾಸಿನಲ್ಲಿ, ಐಸ್ ಇಲ್ಲದೆ ಗುಟುಕು ಗುಟುಕಾಗಿ ಕುಡಿಯುವುದು ಮಾಮೂಲಿ ರೀತಿ. ಗಟ್ಟಿ ಚೆಡ್ಡಾರ್ ಚೀಸ್, ನೀಲಿ ಸ್ಟಿಲ್ಟನ್ ಚೀಸ್, ಕಹಿ ಚಾಕಲೇಟ್ ಚೆನ್ನಾಗಿ ಹೊಂದುತ್ತವೆ. ಸಿಹಿ ಇರುವುದರಿಂದ ಶಕ್ತಿ ಗೊತ್ತಾಗುವುದಿಲ್ಲ. ವೈನ್‌ನ ಎರಡರಷ್ಟು ಮದ್ಯಾಂಶ ಇದರಲ್ಲಿದೆ, ಕಾರು ಓಡಿಸುವವರು ದೂರವಿರಬೇಕು.

ಬೇಸಿಗೆಗೆ ಸ್ಲೋ ಜಿನ್ ಫಿಜ್ ಚೆಂದ: 50 ಮಿಲಿಲೀಟರ್ ಸ್ಲೋ ಜಿನ್, 25 ಮಿಲಿಲೀಟರ್ ನಿಂಬೆರಸ, 10 ಮಿಲಿಲೀಟರ್ ಸಕ್ಕರೆ ಪಾಕವನ್ನು ಐಸ್ ಜೊತೆ ಕುಲುಕಿ, ಎತ್ತರದ ಗ್ಲಾಸಿಗೆ ಸೋಸಿ ಸೋಡಾ ತುಂಬಬೇಕು. ನಿಂಬೆಹುಳಿಗೆ ಸ್ಲೋ ಒಗರು ಒಳ್ಳೆಯ ಜೋಡಿ. ಹಬ್ಬಕ್ಕೆ ಬಂದವರಿಗೆ, ಶಾಂಪೇನ್ ಗ್ಲಾಸಿನ ತಳಕ್ಕೆ 25 ಮಿಲಿಲೀಟರ್ ಹಾಕಿ ಮೇಲೆ ನೊರೆವೈನ್ ತುಂಬಿಕೊಡಿ. ಚಾರ್ಲಿ ಚಾಪ್ಲಿನ್ ಹೆಸರಿನ ಕಾಕ್‌ಟೇಲೂ ಒಂದಿದೆ: ಸ್ಲೋ ಜಿನ್, ಏಪ್ರಿಕಾಟ್ ಬ್ರಾಂದಿ, ಲೈಮ್ ರಸ ಮೂರೂ ಸಮಸಮ. ಮನೆಯದ್ದು ಹದಕ್ಕೆ ಬರುವವರೆಗೆ ಅಂಗಡಿಯದ್ದೇ ಗತಿ ಎಂದಾದರೆ ಪ್ಲಿಮತ್, ಗಾರ್ಡನ್ಸ್, ಹೇಮನ್ಸ್, ಸಿಪ್‌ಸ್ಮಿತ್ ಕಂಪನಿಗಳ ಸ್ಲೋ ಜಿನ್‌ಗಳು ಸಿಗುತ್ತವೆ.

ಸ್ಪೇನ್‌ನ ನವಾರಾ ಪ್ರಾಂತ್ಯದಲ್ಲಿ ಇದೇ ಹಣ್ಣನ್ನು ಸೋಂಪಿನ ಪರಿಮಳದ ಮದ್ಯದಲ್ಲಿ ನೆನೆಹಾಕಿ 'ಪಚರಾನ್' ಮಾಡುತ್ತಾರೆ. ಮನೆಗಳಲ್ಲಿ ಅದಕ್ಕೆ ಕೆಲವು ಕಾಫಿಬೀಜ, ಒಂದು ತುಂಡು ಚಕ್ಕೆ ಹಾಕುವುದುಂಟು. ಸ್ಲೋ ಹೆಚ್ಚು ಸಿಕ್ಕ ವರ್ಷ ಒಂದು ಸಣ್ಣ ಭರಣಿಯಲ್ಲಿ ಇದನ್ನೂ ಮಾಡಿ ನೋಡಬೇಕು. ಒಗರಿಗೆ ಕಾಫಿಯ ಕಹಿ ಕೂಡಿದಾಗ ಸಕ್ಕರೆ ಇನ್ನೂ ಕಡಿಮೆ ಸಾಕಾಗುತ್ತದೆ.

ಊರಿಗೆ ಬರುವಾಗ ಒಂದು ಬಾಟಲಿ ತರೋಣ ಎಂದುಕೊಳ್ಳುವವರು ಇದನ್ನು ಗಮನಿಸಿ. ಭಾರತದ ಕಸ್ಟಮ್ಸ್ ಪ್ರಯಾಣಿಕರೊಬ್ಬರಿಗೆ ಎರಡು ಲೀಟರ್ ಮದ್ಯವನ್ನು ಸುಂಕವಿಲ್ಲದೆ ಬಿಡುತ್ತದೆ. ಆದರೆ ಶೇ. 24ಕ್ಕಿಂತ ಹೆಚ್ಚು ಮದ್ಯಾಂಶದ ಬಾಟಲಿ ವಿಮಾನದ ಲಗೇಜಿನಲ್ಲಿ ಹೋಗಬೇಕಾದರೆ ಅಂಗಡಿಯ ಪ್ಯಾಕಿಂಗಿನಲ್ಲೇ ಇರಬೇಕು. ಮನೆಯಲ್ಲಿ ತುಂಬಿದ ಬಾಟಲಿಗೆ ಆ ಅವಕಾಶವಿಲ್ಲ. ಊರಿನ ನೆಂಟರಿಗೆ ಅಂಗಡಿಯದ್ದನ್ನೇ ತನ್ನಿ.

ಸೋಸಿ ಉಳಿದ ಹಣ್ಣನ್ನು ಎಸೆಯಬೇಡಿ, ಅದರಲ್ಲಿ ಇನ್ನೂ ಜಿನ್ ಇದೆ. ಅದೇ ಭರಣಿಗೆ ಒಂದು ಲೀಟರ್ ಒಣ ರುಚಿಯ ಸೈಡರ್, ಅಂದರೆ ಸೇಬಿನ ಮದ್ಯ, ಸುರಿದು ಒಂದೆರಡು ವಾರ ಫ್ರಿಜ್‌ನಲ್ಲಿಟ್ಟು ಸೋಸಿದರೆ 'ಸ್ಲೈಡರ್' ಆಗುತ್ತದೆ. ಸೈಡರ್ ಹುದುಗಿ ಗ್ಯಾಸು ಕಟ್ಟಬಹುದು, ಮುಚ್ಚಳ ಸಡಿಲವಾಗಿರಲಿ. ಹಾಗೆ ಬೇಡವೆಂದರೆ ಚಾಕುವಿನಿಂದ ತಿರುಳು ಬಿಡಿಸಿ, ಗೊರಟೊಂದೂ ಉಳಿಯದಂತೆ ಎರಡು ಸಲ ನೋಡಿ, ಕರಗಿಸಿದ ಕಹಿ ಚಾಕಲೇಟಿಗೆ ಕಲಸಿ ತಟ್ಟೆಯಲ್ಲಿ ಹರಡಿ ಗಟ್ಟಿಯಾಗಲು ಬಿಡಿ. ಮಕ್ಕಳ ಕೈಗೆ ಸಿಗದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಒಂದೆರಡು ವಾರದೊಳಗೆ ಮುಗಿಸಿ.